88 ಮನೆ, ಒಂದು ಬಾಡಿಗೆ ಮನೆ

(ನಮ್ಮನೆ ಕಥೆ, ಭಾಗ 7)

ಸ್ಟೋರೀಲಿ ಆ ಉದ್ದನೆ ಕಪ್ಪು ಡಬ್ಬದ ಫೋಟೋ ಹಾಕಿದ್ದೇ ತಡ, ಡಿಎಂ ತುಂಬಾ ಒಂದೇ ಪ್ರಶ್ನೆ: "ಚಾಮರಾಜಪೇಟೆ ಮನೇಲಿ ಪಿಯಾನೋನಾ?" ಹೌದು ಕಣ್ರೋ. ನನಗಲ್ಲ, ತಂಗಿಗೆ. ಎಂಟು ವರ್ಷ ಅವಳಿಗೆ. ಈ ಜೂನ್‌ನಿಂದ ಬಸವನಗುಡೀಲಿ ಕ್ಲಾಸಿಗೆ ಹೋಗ್ತಿದ್ದಾಳೆ.

ಅಪ್ಪನ ಲೆಕ್ಕ ಸರಳವಾಗಿತ್ತು. 61 ಕೀ ಇರೋ ಚಿಕ್ಕ ಕೀಬೋರ್ಡ್ ತರೋದು, ಮುಂದುವರಿಸಿದ್ರೆ ದೊಡ್ಡದು ನೋಡೋದು. ಆದ್ರೆ ಅವಳ ಮಿಸ್ ಹೇಳಿದ ಮಾತು ಬೇರೆ. ಹಾರ್ಮೋನಿಯಂನಲ್ಲಿ ಒಂದು ಮನೆ ಎಷ್ಟು ಜೋರಾಗಿ ಒತ್ತಿದ್ರೂ ಸದ್ದು ಅಷ್ಟೇ, ಜೋರು ಮಾಡೋದು ತಿದಿ. ಪಿಯಾನೋ ಹಾಗಲ್ಲ. ಪ್ರತಿ ಮನೆ ಹಿಂದೆ ಒಂದು ಸುತ್ತಿಗೆ, ಅದು ಹೋಗಿ ತಂತಿಗೆ ಹೊಡೆಯುತ್ತೆ. ಮೆಲ್ಲಗೆ ಒತ್ತಿದ್ರೆ ಮೆಲ್ಲಗೆ, ಜೋರಾಗಿ ಒತ್ತಿದ್ರೆ ಜೋರಾಗಿ. 'ಪಿಯಾನೋಫೋರ್ಟೆ' ಅನ್ನೋ ಹೆಸರಿನ ಅರ್ಥವೂ ಅದೇ, ಮೆಲುದನಿ-ಜೋರುದನಿ. ಚಿಕ್ಕ ಕೀಬೋರ್ಡಿನ ಕೀಗಳು ಸ್ಪ್ರಿಂಗ್ ಮೇಲೆ ಹಗುರವಾಗಿ ಕೂತಿರ್ತವೆ. ಮಗು ಬೆರಳು ಅದಕ್ಕೇ ಒಗ್ಗಿಹೋದ್ರೆ ಕ್ಲಾಸಿನ ಪಿಯಾನೋ ಮುಂದೆ ಪ್ರತಿ ವಾರ ಹೊಸದಾಗಿ ಶುರು ಮಾಡ್ಬೇಕು. ಹಾಗಾಗಿ 88 ಕೀ ಇರ್ಬೇಕು, ಕೀಗಳಿಗೆ ತೂಕ ಇರ್ಬೇಕು ಅಂದ್ರು.

ಮಲ್ಲೇಶ್ವರದ ಒಂದು ಹಳೇ ಮನೇಲಿ ನಿಜವಾದ ಪಿಯಾನೋನೇ ಕಡಿಮೆ ಬೆಲೆಗೆ ಕೊಡ್ತಾರೆ ಅಂತ ಗೊತ್ತಾಯ್ತು. ಹೋದ್ವಿ. ನೋಡೋಕೆ ಅರಮನೆ ಥರ ಇತ್ತು. ಜೊತೆಗೆ ಬಂದಿದ್ದ ಟ್ಯೂನರ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ್ರು. ಇನ್ನೂರಕ್ಕೂ ಹೆಚ್ಚು ತಂತಿ, ಅವನ್ನೆಲ್ಲ ಎಳೆದು ಹಿಡಿಯೋ ಮೊಳೆಗಳು ಕೂತಿರೋ ಮರವೇ ಸಡಿಲ ಆಗಿತ್ತು. "ಇವತ್ತು ಶ್ರುತಿ ಮಾಡ್ಬಹುದು, ಹದಿನೈದು ದಿನ ನಿಲ್ಲಲ್ಲ," ಅಂದ್ರು. ಅದೂ ಅಲ್ದೆ ಅದರ ತೂಕ ಇನ್ನೂರು ಕಿಲೋ ಮೇಲೆ, ನಮ್ಮದು ಎರಡನೇ ಮಹಡಿ, ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಒರಗಬೇಕಾದ ಮೆಟ್ಟಿಲು!

ಅಷ್ಟರಲ್ಲಿ ದೊಡ್ಡಪ್ಪ ಬಂದ್ರು. "ನಮ್ಮ ಸಂಗೀತ ಬಿಟ್ಟು ಇದೆಲ್ಲ ಯಾಕಮ್ಮ?" ನಾನು ಗೌರವದಿಂದಲೇ ವಾದ ಮಾಡಿದೆ. ನಮ್ಮ ಪೇಟೆಗೆ ಯಾರ ಹೆಸರಿದೆಯೋ ಆ ಚಾಮರಾಜೇಂದ್ರ ಒಡೆಯರ ಮೊಮ್ಮಗ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು. ಅದೇ ಮಹಾರಾಜರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ರಚಿಸಿದ್ದಾರೆ. ಇನ್ನು ಪಿಟೀಲು? ಅದೂ ಯುರೋಪಿನಿಂದ ಬಂದಿದ್ದೇ. ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ ನಮ್ಮದು ಮಾಡಿಕೊಂಡ್ರು, ನಾವು ಅವರ ಹೆಸರಲ್ಲಿ ಪಿಟೀಲಿನ ಆಕಾರದ ಹಾಲೇ ಕಟ್ಟಿದ್ವಿ. ದೊಡ್ಡಪ್ಪ ಕಾಫಿ ಕುಡಿದು, "ಗಮಕ ಬರಲ್ವಲ್ಲ ಅದರಲ್ಲಿ," ಅಂದ್ರು. ಅದು ನಿಜ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕೆ ಪಿಯಾನೋದಲ್ಲಿ ದಾರಿ ಇಲ್ಲ. ಆ ಪಾಯಿಂಟ್ ಅವರಿಗೇ ಬಿಟ್ಟುಕೊಟ್ಟೆ.

ಆದ್ರೆ ಅಪ್ಪನ ಪ್ರಶ್ನೆ ಇದ್ದೇ ಇತ್ತು. "ಆರು ತಿಂಗಳಿಗೆ ಬಿಟ್ಟುಬಿಟ್ರೆ?"

ಅದಕ್ಕೆ ಉತ್ತರ ಕೊಟ್ಟಿದ್ದು ಅಮ್ಮ, ಬೀನ್ಸ್ ಹೆಚ್ಚುತ್ತಾ. "ನಾನು ಒಂಬತ್ತು ವರ್ಷಕ್ಕೆ ವೀಣೆಗೆ ಸೇರಿದೆ. ಕಲೀತಾಳೋ ಬಿಡ್ತಾಳೋ ನೋಡ್ಕೊಂಡು ಆಮೇಲೆ ತರೋಣ ಅಂದ್ರು ಮನೇಲಿ. ವಾರಕ್ಕೆರಡು ದಿನ ಮೇಷ್ಟ್ರ ಮನೇಲಿ ನುಡಿಸ್ತಿದ್ದೆ, ಮಿಕ್ಕ ದಿನ ಚಾಪೆ ಮೇಲೆ ಬೆರಳಾಡಿಸ್ತಿದ್ದೆ. ವೀಣೆ ಮನೆಗೆ ಬಂದಾಗ ಎಸ್ಸೆಸ್ಸೆಲ್ಸಿ. ಆಮೇಲೆ ಎಲ್ಲಾರೂ ಅಂದ್ರು, ನೋಡು, ಬಿಟ್ಟುಬಿಟ್ಲು."

ಬೀರು ಪಕ್ಕ ಗವಸು ಹಾಕಿ ಮಲಗಿಸಿರೋ ಆ ವೀಣೆಯ ಕಥೆ ಇಷ್ಟು ಪೂರ್ತಿಯಾಗಿ ಅವತ್ತೇ ಕೇಳಿದ್ದು. ಅಪ್ಪ ಏನೂ ಮಾತಾಡ್ಲಿಲ್ಲ. ಮಾರನೇ ದಿನ ಬ್ಯಾಂಕಿಗೆ ಹೋಗಿಬಂದ್ರು.

ಊರು ಬಿಟ್ಟು ಹೊರಟಿದ್ದ ಒಂದು ಸಂಸಾರದಿಂದ 88 ಕೀ ಡಿಜಿಟಲ್ ಪಿಯಾನೋ ಸಿಕ್ತು, ಸೆಕೆಂಡ್ ಹ್ಯಾಂಡ್, 28 ಸಾವಿರ. ಕೊಳ್ಳೋ ಮುಂಚೆ ಪ್ರತಿ ಕೀ ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ಒತ್ತಿ ನೋಡಿದ್ವಿ. ನೀವೂ ಹಾಗೇ ಮಾಡಿ. ಪೆಡಲ್, ಸ್ಟ್ಯಾಂಡ್, ಅಡಾಪ್ಟರ್ ಜೊತೇಲಿ ಬರುತ್ತಾ ಅಂತ ಮೊದಲೇ ಕೇಳಿ. ಅಪ್ಪನ ಉಳಿತಾಯ, ಅಮ್ಮನ ಚೀಟಿ ದುಡ್ಡು, ನನ್ನ ಟ್ಯೂಷನ್ ದುಡ್ಡು, ಮೂರೂ ಸೇರಿಸಿದ್ದು. ಗೋಕರ್ಣ ಟ್ರಿಪ್ಪಿಗೆ ಯಾಕೆ ಬರಲ್ಲ ಅಂತ ಗ್ರೂಪಲ್ಲಿ ಕೇಳ್ತಿದ್ರಲ್ಲ, ಉತ್ತರ ಇದೇ.

ಹೆಡ್‌ಫೋನ್ ಹಾಕ್ಕೊಂಡ್ರೆ ಕೆಳಗಿನ ಓನರ್ ಅಜ್ಜಿಗೆ ತೊಂದರೆ ಇಲ್ಲ. ಆದ್ರೆ ಅಜ್ಜಿ ನಿನ್ನೆ ಮೆಟ್ಟಿಲ ಹತ್ರ ನಿಲ್ಲಿಸಿ ಕೇಳಿದ್ರು: "ಪಿಯಾನೋ ತಂದ್ರಂತೆ, ಒಂದಿನಾನೂ ಕೇಳಿಸಲೇ ಇಲ್ವಲ್ಲ?" ಈಗ ಸಂಜೆ ಆರರಿಂದ ಆರೂವರೆ ಹೆಡ್‌ಫೋನ್ ತೆಗೀತೀವಿ.

ನಿಮ್ಮನೇಲಿ ಗವಸು ಹಾಕಿಟ್ಟಿರೋ ವಾದ್ಯ ಯಾವುದು? ಯಾರದ್ದು? ಅವರನ್ನೇ ಕೇಳಿ, ಕಾಮೆಂಟಲ್ಲಿ ಬರೀರಿ.

#ನಮ್ಮನೆಕಥೆ #ಚಾಮರಾಜಪೇಟೆ #88ಮನೆ