ಒರಾನಿಯಾಕ್ಕೆ ಬಂದ ಅತಿಥಿ

ದಕ್ಷಿಣ ಆಫ್ರಿಕದ ಕಿಂಬರ್ಲಿಯಿಂದ ದಕ್ಷಿಣಕ್ಕೆ ಹೊರಟರೆ ಹೋಪ್‌ಟೌನ್ ಸಿಗುತ್ತದೆ. 1867ರಲ್ಲಿ ಆ ದೇಶದ ಮೊದಲ ವಜ್ರ ದೊರೆತದ್ದು ಈ ಆಸುಪಾಸಿನಲ್ಲೇ. ಮುಂದೆ ಬರೀ ಕುರುಚಲು ಗಿಡಗಳ ಒಣ ಬಯಲು. ಆರೆಂಜ್ ನದಿ ಹತ್ತಿರವಾದಂತೆ ಹಸಿರು ಕಾಣಿಸುತ್ತದೆ, ಅದೇ ಒರಾನಿಯಾ. ನೋಡಲು ಸಾಧಾರಣ ಊರು. ಆದರೆ ಇಲ್ಲಿ ಗಾರೆ ಕಲಸುವವರು, ಕಸ ಗುಡಿಸುವವರು, ತೋಟದಲ್ಲಿ ದುಡಿಯುವವರು ಎಲ್ಲರೂ ಬಿಳಿಯರೇ. ಆ ದೇಶದಲ್ಲಿ ಇದೊಂದು ಸೋಜಿಗ.

1960ರ ದಶಕದಲ್ಲಿ ನೀರಾವರಿ ಕಾಮಗಾರಿಯ ಕೆಲಸಗಾರರಿಗೆಂದು ಸರ್ಕಾರ ಕಟ್ಟಿಸಿದ ವಸತಿಯಿದು. ಕೆಲಸ ಮುಗಿದ ಮೇಲೆ ಪಾಳುಬಿತ್ತು. 1990ರ ಕೊನೆಯಲ್ಲಿ ಕರೆಲ್ ಬೋಷಾಫ್ ಮುಂದಾಳುತನದಲ್ಲಿ ಕೆಲವು ಆಫ್ರಿಕಾನರ್ ಕುಟುಂಬಗಳು, ಅಂದರೆ ಡಚ್ ವಲಸಿಗರ ಸಂತತಿಯವರು, ಇದನ್ನು ಕೊಂಡರು. ಕರಿಯರ ಬಹುಮತದ ಆಳ್ವಿಕೆಯಲ್ಲಿ ತಮ್ಮ ಭಾಷೆ, ಚರ್ಚು, ಶಾಲೆ ಉಳಿಯವೆಂಬ ಭಯ ಅವರದು. ಅಲ್ಲಿ ನೆಲೆಸಿದ್ದ ಬಡ ಮಿಶ್ರವರ್ಣೀಯರನ್ನು ಮಾತ್ರ ಎಬ್ಬಿಸಿ ಕಳಿಸಲಾಯಿತು. ಊರಿನ ಶ್ರಮವನ್ನು ಹೊಗಳುವಾಗ ಇದನ್ನು ಮರೆಯುವಂತಿಲ್ಲ.

1994ರ ಏಪ್ರಿಲ್‌ನಲ್ಲಿ ಎಲ್ಲ ವರ್ಣದವರೂ ಮತ ಹಾಕುವ ಚುನಾವಣೆ ನಡೆಯಿತು. ಮಾಜಿ ಸೇನಾ ಮುಖ್ಯಸ್ಥ ಕಾನ್‌ಸ್ಟಂಡ್ ಫಿಲ್ಯೂನ್ ಬಂದೂಕು ಹಿಡಿಯುತ್ತಾರೋ ಎಂಬ ಆತಂಕವಿತ್ತು. ಮಂಡೇಲರ ಕಡೆಯವರೊಂದಿಗೆ ಮಾತುಕತೆ ನಡೆದು ಅವರು ಕಣಕ್ಕಿಳಿದರು. 400 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಬಂದದ್ದು 9. ಸೋತವರೆಂದು ಯಾರೂ ಅವರನ್ನು ಕೈಬಿಡಲಿಲ್ಲ. ಪ್ರತ್ಯೇಕ ನಾಡಿನ ಬೇಡಿಕೆ ಪರಿಶೀಲಿಸಲು 20 ಸದಸ್ಯರ ಮಂಡಳಿಯೇ ರಚನೆಯಾಯಿತು. ನಾಡನ್ನು ಗುರುತಿಸುವುದಾದರೂ ಎಲ್ಲಿ? ಆಫ್ರಿಕಾನರ್‌ಗಳು ಬಹುಸಂಖ್ಯಾತರಾದ ಪ್ರಾಂತ ಒಂದೂ ಇರಲಿಲ್ಲ.

1995ರ ಆಗಸ್ಟ್ 15ರಂದು ಅಧ್ಯಕ್ಷ ಮಂಡೇಲ ಸ್ವತಃ ಒರಾನಿಯಾಕ್ಕೆ ಬಂದರು. ಬಂದದ್ದು ಬೆಟ್ಸಿ ಫರ್ವೂರ್ಟ್ ಅವರ ಭೇಟಿಗೆ. ಆಕೆಗೆ ಆಗ 94 ವರ್ಷ. ಆಕೆಯ ಗಂಡ ಹೆಂಡ್ರಿಕ್ ಫರ್ವೂರ್ಟ್ ವರ್ಣಭೇದ ನೀತಿಯ ಶಿಲ್ಪಿ. 1964ರಲ್ಲಿ ಮಂಡೇಲರಿಗೆ ಜೀವಾವಧಿ ಶಿಕ್ಷೆಯಾದಾಗ ಪ್ರಧಾನಿಯಾಗಿದ್ದವರು. ಚಹಾ ಆಯಿತು. ಪ್ರತ್ಯೇಕ ನಾಡಿನ ಬಗ್ಗೆ ಸಹಾನುಭೂತಿ ಇರಲೆಂಬ ಮನವಿಯನ್ನು ಅಜ್ಜಿ ಓದತೊಡಗಿದರು. ಕನ್ನಡಕವಿಲ್ಲದೆ ತಡವರಿಸಿದಾಗ ಪಕ್ಕದಲ್ಲಿ ಬಾಗಿ ನಿಂತು ಆಫ್ರಿಕಾನ್ಸ್ ಪದಗಳನ್ನು ಹೇಳಿಕೊಟ್ಟವರು ಮಂಡೇಲರೇ. ಆ ಭಾಷೆಯನ್ನು ಅವರು ಕಲಿತದ್ದು ಸೆರೆಮನೆಯಲ್ಲಿ!

ಬೇಡಿದ ನಾಡು ಸಿಗಲಿಲ್ಲ. ಆಫ್ರಿಕಾನ್ಸ್ ಅಧಿಕೃತ ಭಾಷೆಗಳಲ್ಲಿ ಒಂದಾಗಿ ಉಳಿಯಿತು; 1996ರ ಸಂವಿಧಾನದ 235ನೇ ವಿಧಿ ಸಮುದಾಯಗಳ ಸ್ವನಿರ್ಣಯದ ಮಾತನ್ನು ತಳ್ಳಿಹಾಕಲಿಲ್ಲ. ಒರಾನಿಯಾವನ್ನು ಯಾರೂ ಮುಚ್ಚಿಸಲೂ ಇಲ್ಲ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 892 ಮಂದಿ. ಆಮೇಲೆ ಎರಡು ಸಾವಿರ ದಾಟಿತು. ಆಫ್ರಿಕಾನ್ಸ್ ಮಾತನಾಡುವ ಲಕ್ಷಾಂತರ ಬಿಳಿಯರು ಮಾತ್ರ ತಮ್ಮ ಹಳೆಯ ಊರುಗಳಲ್ಲೇ, ಎಲ್ಲರ ನಡುವೆ ಉಳಿದರು.

ಊರಿನಲ್ಲಿ ಕುಕ್‌ಸಿಸ್ಟರ್ ಎಂಬ ತಿಂಡಿಗೊಂದು ಸ್ಮಾರಕವಿದೆ. ಜಡೆಯಂತೆ ಹೆಣೆದು, ಕರಿದು, ಸಕ್ಕರೆ ಪಾಕದಲ್ಲಿ ಅದ್ದುವ ತಿಂಡಿಯದು. ಸುಮಾರು ಇದೇ ಹೆಸರಿನ ಸಿಹಿತಿಂಡಿಯನ್ನು ಕೇಪ್‌ಟೌನಿನ ಮಲಯ್ ಮುಸ್ಲಿಮರ ಮನೆಗಳಲ್ಲಿ ಭಾನುವಾರ ಬೆಳಿಗ್ಗೆ ಮಾಡುತ್ತಾರೆ.