ನಾಗವಿಲ್ಲದ ಬೆಸುಗೆ

ತವರಕ್ಕೆ ರಸಶಾಸ್ತ್ರದಲ್ಲಿ ವಂಗವೆಂದು ಹೆಸರು, ಸೀಸಕ್ಕೆ ನಾಗವೆಂದು. ಈ ಎರಡು ಲೋಹಗಳ ಮೈತ್ರಿಯಿಂದಲೇ ಗಣಕಯಂತ್ರದ ಅಂಗಾಂಗಗಳು ಬಹುಕಾಲ ಬೆಸೆಯಲ್ಪಡುತ್ತಿದ್ದುವು. ನೂರಕ್ಕೆ 63 ಪಾಲು ತವರ, 37 ಪಾಲು ಸೀಸ ಕೂಡಿದ ಬೆಸುಗೆಯು 183 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವುದಾದ್ದರಿಂದ ಕೆಲಸವು ಸುಲಭವಾಗಿತ್ತು.

ಆದರೆ ನಾಗವು ಹೆಸರಿಗೆ ತಕ್ಕಂತೆ ವಿಷವನ್ನು ಬಿಡಲಿಲ್ಲ. ಯಂತ್ರವು ಕೆಟ್ಟು ಕಸವಾದ ಮೇಲೆ ಅದರ ಬೋರ್ಡುಗಳನ್ನು ಬೆಂಕಿಗೆ ಹಿಡಿದು ಬಿಡಿಭಾಗಗಳನ್ನು ಕೀಳುವ ಬಡವರ ಶರೀರಕ್ಕೂ, ಅವರ ಮಕ್ಕಳ ಮಿದುಳಿಗೂ ಆ ವಿಷವು ತಟ್ಟುವುದು. ಇದನ್ನರಿತು ಯೂರೋಪಿನ ಒಕ್ಕೂಟವು, ಕೆಲವು ವಿನಾಯಿತಿಗಳನ್ನುಳಿದು, ಇಂಥ ಯಂತ್ರಗಳ ಯಾವ ಪದಾರ್ಥದಲ್ಲಿಯೂ ಸೀಸವು ನೂರಕ್ಕೆ 0.1 ಪಾಲನ್ನು ಮೀರಕೂಡದೆಂದು 2006ನೆಯ ಜುಲೈ 1ರಿಂದ ವಿಧಿಸಿತು. ಭಾರತದ 2011ರ ನಿಯಮಗಳೂ ಅದೇ ಮಿತಿಯನ್ನು ಹಾಕಿದುವು. ತಯಾರಕರು ತವರಕ್ಕೆ ಅಲ್ಪ ಬೆಳ್ಳಿಯನ್ನೂ ತಾಮ್ರವನ್ನೂ ಬೆರಸಿ ಹೊಸ ಬೆಸುಗೆಯನ್ನು ಬಳಕೆಗೆ ತಂದರು.

ಇದು ಕರಗಲು ಸುಮಾರು 217 ಡಿಗ್ರಿ ಶಾಖ ಬೇಕು. ವಿಷವೊಂದು ಕಳೆಯಿತು, ಕುಲುಮೆಯ ಉರಿ ಹೆಚ್ಚಿತು. ಬೆಳ್ಳಿಗಾಗಿ ಭೂಮಿಯನ್ನು ಅಗೆಯುವುದೂ ತಪ್ಪಲಿಲ್ಲ. ಹಾಗೆಂದು ಹಳೆಯದಕ್ಕೆ ಮರಳುವುದು ಯುಕ್ತವಲ್ಲ. ಹೆಚ್ಚಿನ ಉರಿಯ ಬೆಲೆಯನ್ನು ಯಂತ್ರವನ್ನು ಕೊಳ್ಳುವವನು ತೆರಬಲ್ಲನು; ಸೀಸದ ಬೆಲೆಯನ್ನು ತೆತ್ತುದಾದರೋ ಯಂತ್ರವನ್ನು ಎಂದೂ ಕೊಳ್ಳಲಾರದ ಮನೆಯ ಮಗು.

ಆದುದರಿಂದ ತಯಾರಕನ ಶುದ್ಧಿಯೊಡನೆ ಬಳಸುವವನ ಸಂಯಮವೂ ಸೇರತಕ್ಕದ್ದು. ಯಂತ್ರವನ್ನು ರಿಪೇರಿ ಮಾಡಿಸಿ ನಾಲ್ಕು ವರ್ಷ ಹೆಚ್ಚಾಗಿ ಬಾಳಿಸಿದರೆ, ಆ ಅಗ್ನಿಯ ಋಣವು ಅಷ್ಟರಮಟ್ಟಿಗಾದರೂ ತೀರುವುದು.