ದೃಶ್ಯಮಾನವ

ಶರೀರವನ್ನು ಅರಿಯದವನು ಶಸ್ತ್ರವನ್ನು ಹಿಡಿಯಲಾಗದೆಂಬುದು ಪ್ರಾಚೀನ ವೈದ್ಯರ ಕಟ್ಟಳೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ‘ಯೋಗ್ಯಾ’ ಎಂಬುದಕ್ಕೆಂದೇ ಒಂದು ಅಧ್ಯಾಯವಿದೆ. ಯೋಗ್ಯಾ ಎಂದರೆ ಕೈಯ ಅಭ್ಯಾಸ. ಕತ್ತರಿಸುವುದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಯಬೇಕು. ಸಿರೆಯನ್ನು ಚುಚ್ಚುವುದನ್ನು ತಾವರೆಯ ದಂಟಿನಲ್ಲಿ. ಹೊಲಿಯುವುದನ್ನು ಬಟ್ಟೆಯಲ್ಲಿ, ಮೆದುದೊಗಲಿನಲ್ಲಿ. ಕಟ್ಟು ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಅಂಗಾಂಗಗಳ ಮೇಲೆ. ಶಾಸ್ತ್ರವನ್ನು ಎಷ್ಟು ಓದಿದ್ದರೂ ಯೋಗ್ಯಾ ಮಾಡದವನು ಕರ್ಮಕ್ಕೆ ಅನರ್ಹನೆಂಬುದು ಅಲ್ಲಿಯ ನಿರ್ಣಯ. ಗ್ರಂಥವೊಂದನ್ನೇ ನೆಚ್ಚಿದ ವಿದ್ವಾಂಸರಿಗೆ ಈ ಮಾತು ಅಷ್ಟಾಗಿ ರುಚಿಸದಿರಬಹುದು.

ಶಾರೀರಸ್ಥಾನದಲ್ಲಿ ಆಚಾರ್ಯನು ಇನ್ನೂ ಮುಂದೆ ಹೋಗುತ್ತಾನೆ. ಶವವನ್ನು ಹುಲ್ಲುನಾರುಗಳಿಂದ ಸುತ್ತಿ, ಪಂಜರದೊಳಗಿಟ್ಟು, ನೀರಿನಲ್ಲಿ ಮರೆಯಾದ ಎಡೆಯಲ್ಲಿ ನೆನೆಯಹಾಕಿ, ಏಳು ರಾತ್ರಿಗಳು ಕಳೆದಮೇಲೆ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮ ಮೊದಲಾಗಿ ಒಂದೊಂದು ಪದರವನ್ನೂ ಕಣ್ಣಾರೆ ನೋಡಬೇಕಂತೆ. ಆ ಶವಕ್ಕೂ ಲಕ್ಷಣವುಂಟು: ಅಂಗಗಳೆಲ್ಲ ಪೂರ್ಣವಾಗಿರಬೇಕು, ವಿಷದಿಂದ ಸತ್ತಿರಬಾರದು, ದೀರ್ಘರೋಗದಿಂದ ಬಳಲಿರಬಾರದು, ನೂರು ವರ್ಷದ ಮುದಿತನ ಸಲ್ಲದು.

ಈ ಲಕ್ಷಣವನ್ನು ನೆನಪಿನಲ್ಲಿಟ್ಟುಕೊಂಡು ಅಮೆರಿಕೆಯ ಒಂದು ಮಹತ್ಕಾರ್ಯವನ್ನು ನೋಡುವುದು ಉಚಿತ. ಅಲ್ಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಪುಸ್ತಕಗಳನ್ನು ಕಾಪಾಡುವಂತೆಯೇ ಒಂದು ಮಾನವಶರೀರವನ್ನೂ ಚಿತ್ರರೂಪದಲ್ಲಿ ಕಾಪಾಡಬೇಕೆಂದು ಸಂಕಲ್ಪಿಸಿತು. ಕೊಲೊರಾಡೊ ವಿಶ್ವವಿದ್ಯಾಲಯದ ವಿಕ್ಟರ್ ಸ್ಪಿಟ್ಜರ್, ಡೇವಿಡ್ ವಿಟ್‌ಲಾಕ್ ಎಂಬ ವಿದ್ವಾಂಸರು ಆ ಹೊಣೆಯನ್ನು ಹೊತ್ತರು. ದೊರೆತ ಶರೀರವು ಜೋಸೆಫ್ ಪಾಲ್ ಜೆರ್ನಿಗನ್ ಎಂಬವನದು. 1981ರಲ್ಲಿ ಕಳ್ಳತನಕ್ಕೆ ನುಗ್ಗಿದೆಡೆ ವೃದ್ಧನೊಬ್ಬನನ್ನು ಕೊಂದ ಅಪರಾಧಕ್ಕಾಗಿ 1993ರ ಆಗಸ್ಟ್ 5ರಂದು ಟೆಕ್ಸಾಸ್ ರಾಜ್ಯವು ಅವನಿಗೆ ವಿಷದ ಸೂಜಿಯಿಂದ ಮರಣದಂಡನೆ ವಿಧಿಸಿತ್ತು. ಅವನಿಗೆ ಆಗ 39 ವರ್ಷ. ಶರೀರವನ್ನು ಕೊಲೊರಾಡೊಗೆ ಒಯ್ದು, ಸಿ.ಟಿ. ಹಾಗೂ ಎಂ.ಆರ್.ಐ. ಚಿತ್ರಗಳನ್ನು ತೆಗೆದು, ಹಿಮಗಟ್ಟಿಸಿ, ನಾಲ್ಕು ಖಂಡಗಳಾಗಿ ಮಾಡಿ, ಒಂದೊಂದು ಮಿಲಿಮೀಟರ್ ದಪ್ಪದಂತೆ ತರಿದುಹಾಕುತ್ತ, ಪ್ರತಿಸಲವೂ ಹೊಸದಾಗಿ ತೆರೆದ ಮೈಯ ಛಾಯಾಚಿತ್ರವನ್ನು ಹಿಡಿದರು. 1871 ಚಿತ್ರಗಳಾದವು. 1994ರ ನವೆಂಬರಿನಲ್ಲಿ ಅವು ಲೋಕಕ್ಕೆ ದೊರೆತವು. ಮರುವರ್ಷ ಮೇರಿಲ್ಯಾಂಡಿನ 59 ವರ್ಷದ ಮಹಿಳೆಯೊಬ್ಬರ ಚಿತ್ರಾವಳಿ ಬಂದಿತು. ಅಲ್ಲಿ ಪದರದ ದಪ್ಪ ಮಿಲಿಮೀಟರಿನ ಮೂರರಲ್ಲೊಂದು ಪಾಲು ಮಾತ್ರ.

ಸುಶ್ರುತನ ತೂಕಕ್ಕೆ ಜೆರ್ನಿಗನ್ ನಿಲ್ಲುವುದಿಲ್ಲ. ಅವನು ಸತ್ತದ್ದು ವಿಷದಿಂದ. ಅಪೆಂಡಿಕ್ಸ್ ಇರಲಿಲ್ಲ, ಒಂದು ಹಲ್ಲೂ ಇರಲಿಲ್ಲ. ಆದರೂ ಲೋಕದ ವಿದ್ಯಾರ್ಥಿಗಳಿಗೆ ಅವನೇ ಮಾನವನ ಮಾದರಿಯಾದನು.

ಚಿತ್ರಗಳಿದ್ದ ಮಾತ್ರಕ್ಕೆ ಶರೀರವು ಸಿದ್ಧವಾಗದು. ಗಣಕಯಂತ್ರಕ್ಕೆ ಛಾಯಾಚಿತ್ರವೆಂದರೆ ಬಣ್ಣದ ಚುಕ್ಕೆಗಳ ರಾಶಿ. ಯಾವುದು ಎಲುಬು, ಯಾವುದು ನರ, ಯಾವುದು ಸ್ನಾಯು ಎಂಬುದು ಅದಕ್ಕೆ ತಾನಾಗಿ ತಿಳಿಯದು. ಓಲೆಗರಿಯಲ್ಲಿ ತೆರಪಿಲ್ಲದೆ ಬರೆದ ಅಕ್ಷರಪಂಕ್ತಿಯನ್ನು ಬಲ್ಲವನು ಪದಚ್ಛೇದ ಮಾಡಿದಂತೆ, ಶರೀರಶಾಸ್ತ್ರಜ್ಞನು ಚಿತ್ರಚಿತ್ರದಲ್ಲಿಯೂ ಅಂಗಾಂಗಗಳ ಎಲ್ಲೆಯನ್ನು ಗೆರೆಯೆಳೆದು ಹೆಸರಿಸಬೇಕು. ತಪ್ಪಾದ ಪದಚ್ಛೇದದಿಂದ ಕಾವ್ಯದ ಅರ್ಥ ಕೆಡುತ್ತದೆ. ಇಲ್ಲಿ ರೋಗಿಯ ರಕ್ತನಾಳ ಕೆಟ್ಟೀತು. ಈಚೆಗೆ ಯಂತ್ರವೇ ಈ ಕೆಲಸವನ್ನು ಬಹುಮಟ್ಟಿಗೆ ಕಲಿತಿದೆ. ಆದರೆ ಅದು ಕಲಿತದ್ದು ಮನುಷ್ಯರು ಎಳೆದ ಗೆರೆಗಳನ್ನು ನೋಡಿಯೇ.

ಇದಾದಮೇಲೆ ಯೋಗ್ಯಾ. ಗಣಕದೊಳಗಿನ ಯಕೃತ್ತನ್ನು ಒತ್ತಿದರೆ ಅದು ಬಾಗಬೇಕು, ಬಿಟ್ಟರೆ ಮರಳಬೇಕು, ಕೊಯ್ದರೆ ಸೀಳಬೇಕು. ಅಂಗವನ್ನು ಸಾವಿರಾರು ಚಿಕ್ಕ ತುಣುಕುಗಳಾಗಿ ಭಾವಿಸಿ, ಒಂದರ ಎಳೆತ ಇನ್ನೊಂದಕ್ಕೆ ತಾಕುವುದನ್ನು ಗಣಿತದಿಂದ ಕ್ಷಣಕ್ಷಣಕ್ಕೂ ಕಂಡುಹಿಡಿಯುತ್ತಾರೆ. ಕಣ್ಣಿಗೆ ಸೆಕೆಂಡಿಗೆ 30 ಚಿತ್ರಗಳಾದರೆ ಸಾಕು, ಚಲನೆಯೆಂದು ನಂಬುತ್ತದೆ. ಕೈ ಅಷ್ಟು ಸುಲಭವಾಗಿ ಮೋಸಹೋಗದು, ಅದಕ್ಕೆ ಸೆಕೆಂಡಿಗೆ ಸುಮಾರು 1000 ಸಲ ಪ್ರತಿಬಲವನ್ನು ಕೊಡಬೇಕಾಗುತ್ತದೆ. ಸೋರೆಕಾಯಿಯು ಈ ಪ್ರತಿಬಲವನ್ನು ಲೆಕ್ಕವಿಲ್ಲದೆಯೇ ಕೊಡುತ್ತಿತ್ತೆಂಬುದು ಬೇರೆ ಮಾತು. ಸೋರೆಕಾಯಿಗೆ ಪಿತ್ತಕೋಶವಿಲ್ಲ! 2002ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪರೀಕ್ಷೆಯಲ್ಲಿ 16 ಮಂದಿ ಶಸ್ತ್ರವೈದ್ಯ ಶಿಕ್ಷಾರ್ಥಿಗಳಿದ್ದರು. ಯಂತ್ರದ ಮೇಲೆ ಅಭ್ಯಾಸಮಾಡಿದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಉಳಿದವರಿಗಿಂತ ನೂರಕ್ಕೆ 29ರಷ್ಟು ಬೇಗನೆ ಮುಗಿಸಿದರು. ಅಭ್ಯಾಸವಿಲ್ಲದವರ ಕೈಯಲ್ಲಿ ಪಿತ್ತಕೋಶಕ್ಕೋ ಸುತ್ತಲಿನ ಅಂಗಕ್ಕೋ ಗಾಯವಾಗುವ ಸಂಭವ ಐದು ಪಟ್ಟು ಹೆಚ್ಚಾಗಿತ್ತು. ಆಚಾರ್ಯನ ನಿರ್ಣಯಕ್ಕೆ ಇದಕ್ಕಿಂತ ಒಳ್ಳೆಯ ಟೀಕೆ ಬೇಕಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಸೆರೆಮನೆಯ ಪಾದ್ರಿಯ ಪ್ರೇರಣೆಯಿಂದ ಜೆರ್ನಿಗನ್ ತನ್ನ ದೇಹವನ್ನು ವಿಜ್ಞಾನಕ್ಕೆ ಒಪ್ಪಿಸಿದ್ದನು. ಆದರೆ ತನ್ನ ಮೈ ಹೀಗೆ ಪದರಪದರವಾಗಿ ಜಗತ್ತಿನ ಮುಂದೆ ತೆರೆದೀತೆಂಬುದು ಅವನಿಗೆ ತಿಳಿದಿರಲಿಲ್ಲ. ಗಲ್ಲಿಗೇರಿದವರ ಶವಗಳನ್ನು ಅಂಗವಿಚ್ಛೇದಕ್ಕೆ ಕೊಡುವುದು ಯೂರೋಪಿನ ಹಳೆಯ ಪದ್ಧತಿ. 1543ರಲ್ಲಿ ಬಾಸೆಲ್ ನಗರದಲ್ಲಿ ವೆಸಾಲಿಯಸ್ ಜೋಡಿಸಿದ ಅಸ್ಥಿಪಂಜರವೂ ದಂಡಿತನೊಬ್ಬನದೇ. ಸಾವಿಗೆ ಎದುರಾಗಿ ಕುಳಿತವನ ಸಹಿಯನ್ನು ದಾನವೆನ್ನಬಹುದೆ? ದಾನವೆನ್ನಲು ಕೊಡುವವನಿಗೆ ಕೊಡದಿರುವ ಸ್ವಾತಂತ್ರ್ಯವೂ, ಕೊಡುವುದೇನೆಂಬ ಅರಿವೂ ಇರಬೇಕು. ಜೆರ್ನಿಗನ್‌ಗೆ ಎರಡನೆಯದಂತೂ ಇರಲಿಲ್ಲ. ಮೊದಲನೆಯದು ಎಷ್ಟಿತ್ತೋ ಹೇಳುವವರಿಲ್ಲ.

ಸೂಸನ್ ಪಾಟರ್ ಎಂಬಾಕೆಯ ವಿಷಯ ಹಾಗಲ್ಲ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕೆಗೆ ಬಂದು ನೆಲಸಿದ್ದ ಈ ವೃದ್ಧೆ 2000ರಲ್ಲಿ ಸ್ಪಿಟ್ಜರ್ ಅವರಲ್ಲಿಗೆ ತಾನಾಗಿಯೇ ಹೋಗಿ ಶರೀರವನ್ನು ಕೊಡುವುದಾಗಿ ಹೇಳಿದಳು. ತನ್ನನ್ನು ಇರಿಸುವ ಶೀತಗೃಹವನ್ನೂ ಕೊಯ್ಯುವ ಯಂತ್ರವನ್ನೂ ತೋರಿಸಿರೆಂದು ಹಟಹಿಡಿದು ನೋಡಿದಳು. ಬೇಗನೆ ಸಾಯುವೆನೆಂದುಕೊಂಡವಳು ಮತ್ತೆ 15 ವರ್ಷ ಬದುಕಿದಳು. ಅಷ್ಟು ಕಾಲವೂ ವೈದ್ಯವಿದ್ಯಾರ್ಥಿಗಳೊಡನೆ ಬೆರೆತು, ತನ್ನ ಬಾಳನ್ನೂ ಬೇನೆಗಳನ್ನೂ ಕುರಿತು ಮಾತನಾಡಿದಳು. ಅದೆಲ್ಲ ಧ್ವನಿಚಿತ್ರಗಳಲ್ಲಿ ಉಳಿದಿದೆ. 2015ರಲ್ಲಿ ತನ್ನ 87ನೆಯ ವಯಸ್ಸಿನಲ್ಲಿ ತೀರಿಕೊಂಡ ಆಕೆಯ ಶರೀರವನ್ನು ಎರಡು ವರ್ಷಗಳ ಮೇಲೆ ಕೂದಲೆಳೆಯಷ್ಟು ತೆಳುವಾದ 27,000 ಪದರಗಳಾಗಿ ತರಿದು ಚಿತ್ರಿಸಿದರು. ಅದಕ್ಕೆ 60 ದಿನಗಳು ಹಿಡಿದವು. ಸ್ಪಿಟ್ಜರ್ ಅವರ ಆಸೆಯೆಂದರೆ, ಮುಂದೆ ಗಣಕಯಂತ್ರದಲ್ಲಿ ಆಕೆಯ ಎಲುಬನ್ನೋ ಹೃದಯವನ್ನೋ ನೋಡುವ ವಿದ್ಯಾರ್ಥಿಗೆ ಆಕೆಯ ದನಿಯೂ ಕೇಳಿಸಬೇಕೆಂಬುದು.